ಅಕ್ಷರ ಕೈಗೂಡಿದ ಬಗೆ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 19 ವರ್ಷಗಳಿಂದ ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೇನೆ. ಮೊದಲ 8 ವರ್ಷ ನಾನು ಕಲಿಸಿದ ರೀತಿ ಒಂದು, ಆಮೇಲಿನದು ಇನ್ನೊಂದು. ಆ ಬದಲಾವಣೆ ಬಂದ ವರ್ಷದ ಮಳೆಗಾಲದಲ್ಲಿ ಶಾಲೆಯ ಮೆಟ್ಟಿಲ ಮೇಲೆ ಜಾರಿಬಿದ್ದು ನನ್ನ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. 6 ವಾರ ಪ್ಲಾಸ್ಟರ್ ಇರಬೇಕಾಗಿತ್ತು. ನಮ್ಮದು ಇಬ್ಬರೇ ಶಿಕ್ಷಕರಿರುವ ಶಾಲೆಯಾದ್ದರಿಂದ ಹೆಚ್ಚು ದಿನ ರಜೆ ಹಾಕಲಾಗದೆ, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮುಂದೆ ನಿಂತೆ.

‘ರ’ ಅಕ್ಷರದ ದುಂಡು ಎಲ್ಲಿ ತಿರುಗಬೇಕು, ತಲೆಕಟ್ಟು ಎಲ್ಲಿ ಕೂಡಬೇಕು ಎಂಬುದು ನನಗೆ ಗೊತ್ತಿತ್ತು. ನನ್ನ ಎಡಗೈಗೆ ಗೊತ್ತಿರಲಿಲ್ಲ. ಕಣ್ಣು ಅತ್ತಿತ್ತ ಸರಿದರೆ ಸಾಕು, ಕನ್ನಡಿಯಲ್ಲಿ ಕಂಡ ಹಾಗೆ ಕೈ ತಿರುವುಮುರುವಾಗಿ ಸುತ್ತುತ್ತಿತ್ತು. ಅಕ್ಷರದ ಅರ್ಧದಲ್ಲಿರುವಾಗ ಹಿಂದಿನಿಂದ ಒಂದು ಮಗು, “ಅಕ್ಕೋರ, ನೀರ್ ಕುಡ್ಯಾಕ್ ಹೋಗ್ಲೇನ್ರಿ?” ಎಂದು ಕೇಳಿತು. ಕೈ ಅಲ್ಲೇ ನಿಂತುಹೋಯಿತು. ಉತ್ತರ ಕೊಟ್ಟು ತಿರುಗಿದಾಗ ಮುಂದಿನ ಗೆರೆ ಯಾವ ಕಡೆ ಹೋಗಬೇಕೆಂದು ಮತ್ತೆ ಯೋಚಿಸಬೇಕಾಯಿತು. ಬಲಗೈಯಲ್ಲಾದರೆ ಪಾಠ ಹೇಳುತ್ತ, ಮಕ್ಕಳನ್ನು ಗದರಿಸುತ್ತ ಇಡೀ ಹಲಗೆ ತುಂಬಿಸುತ್ತಿದ್ದವಳು ನಾನು.

ಮನಶ್ಶಾಸ್ತ್ರಜ್ಞರಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಕೌಶಲದ ಕಲಿಕೆಯನ್ನು ಮೂರು ಹಂತಗಳಾಗಿ ವಿವರಿಸಿದ್ದರು: ಪ್ರತಿ ಚಲನೆಯನ್ನೂ ಯೋಚಿಸಿ ಮಾಡುವ ಹಂತ, ತಪ್ಪು ಕಡಿಮೆಯಾಗಿ ಚಲನೆಗಳು ಒಂದಕ್ಕೊಂದು ಹೊಂದಿಕೊಳ್ಳುವ ಹಂತ, ಗಮನ ಬೇಡದೆ ತಾನಾಗಿಯೇ ನಡೆಯುವ ಹಂತ. ಪರೀಕ್ಷೆಗೆಂದು ಇದನ್ನು ಓದಿ ಬರೆದಿದ್ದೆ, ಆದರೆ ಅದರ ಅರ್ಥ ಆ ದಿನ ಹಲಗೆಯ ಮುಂದೆ ಆಯಿತು. ಮಕ್ಕಳು ಬರೆಯುತ್ತಿರುವಾಗ ನಾನು “ನೆಟ್ಟಗೆ ಕೂತ್ಕೋ, ಗುಂಡಗೆ ಬರಿ, ಗೆರೆ ಬಿಟ್ಟು ಹೋಗಬೇಡ” ಎಂದು ಎಡೆಬಿಡದೆ ಹೇಳುತ್ತಿದ್ದುದು ಅವರಿಗೆ ಸಹಾಯವಾಗಿರಲಿಲ್ಲ. ಅವರಲ್ಲಿದ್ದ ಅಷ್ಟೂ ಗಮನವನ್ನು ನಾನೇ ಕಸಿದುಕೊಳ್ಳುತ್ತಿದ್ದೆ. ಅಂದಿನಿಂದ ಮಗುವಿನ ಬಳಪ ಹಲಗೆಯ ಮೇಲಿರುವಷ್ಟು ಹೊತ್ತು ನಾನು ಬಾಯಿ ತೆರೆಯುವುದಿಲ್ಲ. ಹೇಳುವುದೇನಿದ್ದರೂ ಬಳಪ ಎತ್ತಿದ ಮೇಲೆ, ಅದೂ ಒಂದೇ ಮಾತು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ದಿನ ಕಾಡಿತು. ಎರಡನೆಯ ವಾರದ ಹೊತ್ತಿಗೆ ಎಡಗೈಯಲ್ಲಿ ಗೋಡೆಯ ಹಲಗೆಯ ಮೇಲೆ ಗೇಣುದ್ದ ಬರೆದ ಅಕ್ಷರಗಳು ಅಲುಗಾಡುತ್ತಿದ್ದರೂ ನನ್ನವೇ ಎಂದು ಗುರುತಿಸುವಂತಾಗಿದ್ದವು, ಆದರೆ ಹಾಜರಿ ಪುಸ್ತಕದ ಸಣ್ಣ ಅಂಕಣದಲ್ಲಿ ಬರೆಯಹೋದರೆ ಏನೂ ಕೂಡುತ್ತಿರಲಿಲ್ಲ. ದೊಡ್ಡ ಅಕ್ಷರಕ್ಕೆ ಭುಜ ಮತ್ತು ಮೊಣಕೈ ಸಾಕು, ಸಣ್ಣದಕ್ಕೆ ಬೆರಳುಗಳ ಹದ ಬೇಕು. ಮಕ್ಕಳ ಬೆಳವಣಿಗೆಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿ, ಭುಜದಿಂದ ಬೆರಳಿನ ಕಡೆಗೆ ಸಾಗುತ್ತದೆ. ಐದೂವರೆ ವರ್ಷದ ಮಗುವಿಗೆ ಶಾಲೆಗೆ ಬಂದ ಮೊದಲ ವಾರದಲ್ಲೇ ಗೆರೆ ಹಾಕಿದ ಪುಸ್ತಕ, ಪೆನ್ಸಿಲ್ ಕೊಟ್ಟು ಎರಡು ಗೆರೆಗಳ ನಡುವೆ ಬರೆ ಎಂದರೆ, ಅದು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಾಗದ ಹರಿಯುವಷ್ಟು ಒತ್ತುವುದು ಸಹಜವೇ ಆಗಿದೆ. ಈಗ ಜೂನ್ ತಿಂಗಳಿಡೀ ನಮ್ಮ ಮಕ್ಕಳು ಅಂಗಳದ ಮರಳಿನಲ್ಲಿ ಬೆರಳಿನಿಂದಲೂ, ಕಟ್ಟೆಯ ಮೇಲೆ ಒದ್ದೆ ಬಟ್ಟೆಯಿಂದಲೂ, ಗೋಡೆಯ ಕೆಳಭಾಗದ ಕಪ್ಪುಪಟ್ಟಿಯ ಮೇಲೆ ಸೀಮೆಸುಣ್ಣದಿಂದಲೂ ಬರೆಯುತ್ತಾರೆ. ಸ್ಲೇಟು ಜುಲೈಯಲ್ಲಿ, ಪುಸ್ತಕ ಅದಕ್ಕೂ ಆಮೇಲೆ.

ಇದಕ್ಕೆ ಪಾಲಕರ ಆಕ್ಷೇಪವಿತ್ತು, ಪುಸ್ತಕ ಖಾಲಿ ಇದೆಯಲ್ಲ ಎಂದು ಕೇಳಿದವರಿದ್ದಾರೆ. ಬೆರಳಿಗೆ ಹದ ಬರುವುದು ಪುಸ್ತಕದಿಂದ ಮಾತ್ರವಲ್ಲ ಎಂದು ಅವರಿಗೆ ಬ್ಯಾಡಗಿ ಮೆಣಸಿನಕಾಯಿಯ ಉದಾಹರಣೆ ಕೊಡುತ್ತಿದ್ದೆ. ತಾಯಿಯ ಪಕ್ಕ ಕುಳಿತು ಆಟದಂತೆ ಮೆಣಸಿನಕಾಯಿಯ ತೊಟ್ಟು ಮುರಿದು ಅಭ್ಯಾಸವಾಗಿದ್ದ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಯಿ ಒಡೆಯದ ಹಾಗೆ, ತೊಟ್ಟು ಮಾತ್ರ ಬರುವ ಹಾಗೆ ಎಷ್ಟು ಒತ್ತಬೇಕು ಎಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಮೊದಲ ದಿನ ಪೆನ್ಸಿಲನ್ನು ಅವಳು ಮುಷ್ಟಿಯಲ್ಲೇ ಹಿಡಿದಳು. ಒಂದು ಕೆಲಸದಲ್ಲಿ ಬಂದ ಹದ ಇನ್ನೊಂದಕ್ಕೆ ಸುಮ್ಮನೆ ಹರಿದು ಬರುವುದಿಲ್ಲ. “ತೊಟ್ಟು ಹಿಡಿದಂಗ ಹಿಡಿ” ಎಂದು ಒಮ್ಮೆ ಹೇಳಿದ ಮೇಲೆ ಮಾತ್ರ ಬೆರಳುಗಳು ತಾವಾಗಿ ಜಾಗಕ್ಕೆ ಬಂದವು. ಬೆರಳಿನ ಹೆಸರು ಹೇಳಿ ಹಿಡಿತ ವಿವರಿಸುವುದಕ್ಕಿಂತ ಮಗುವಿಗೆ ಪರಿಚಯವಿರುವ ಕೆಲಸವನ್ನು ನೆನಪಿಸುವುದು ಎಷ್ಟೋ ಪಾಲು ಮೇಲು.

ಬಾಯಿಗೆ ಬಂದದ್ದು ಕೈಗೆ ಬಂದಂತಲ್ಲ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ವ್ಯಕ್ತಿಗೆ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ಸಂಗತಿಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರವನ್ನು ತಿದ್ದುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಕೈ ಸುಧಾರಿಸುತ್ತಾ ಹೋಯಿತು, ಆದರೆ ಹಿಂದೆ ಅದನ್ನು ಮಾಡಿದ್ದೇನೆಂಬ ನೆನಪೇ ಆತನಿಗಿರಲಿಲ್ಲ. ಕೈಯ ಕಲಿಕೆ ಮಿದುಳಿನಲ್ಲಿ ಬೇರೆ ಹಾದಿ ಹಿಡಿಯುತ್ತದೆ. ಹಾಗಾಗಿ ‘ಸ’ ಯಾವುದೆಂದು ತಟ್ಟನೆ ತೋರಿಸುವ ಮಗು ಅದನ್ನು ಬರೆಯಲಾರದೆ ಕುಳಿತರೆ, “ಗೊತ್ತಿದ್ದೂ ಬರೆಯುವುದಿಲ್ಲ” ಎಂದು ಬೈಯುವುದು ಅನ್ಯಾಯ. ನಾನೂ ಹಾಗೆ ಬೈದಿದ್ದೇನೆ, ಅದರ ಬಗ್ಗೆ ಇಂದಿಗೂ ನೋವಿದೆ.

ನಮ್ಮಲ್ಲಿ ಕೈ ಹಿಡಿದು ತಿದ್ದಿಸುವುದು ಹಿಂದಿನಿಂದ ಬಂದದ್ದು. ಅದನ್ನು ನಾನು ಬಿಟ್ಟಿಲ್ಲ, ಆದರೆ ಒಂದು ಅಕ್ಷರಕ್ಕೆ ಮೂರು ಸಲಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕೈ ಹಿಡಿದಿರುವಾಗ ತಪ್ಪು ಆಗುವುದಿಲ್ಲ, ತಪ್ಪು ಆಗದಿದ್ದರೆ ಸರಿಪಡಿಸಿಕೊಳ್ಳುವುದನ್ನು ಮಗು ಕಲಿಯುವುದಿಲ್ಲ. ಚುಕ್ಕಿ ಅಕ್ಷರಗಳ ಮೇಲೆ ತಿದ್ದುವುದರಲ್ಲೂ ಇದೇ ತೊಂದರೆ: ಚುಕ್ಕಿ ಇರುವವರೆಗೆ ಅಂದ, ಚುಕ್ಕಿ ತೆಗೆದರೆ ಅಕ್ಷರವೇ ಇಲ್ಲ. ಪುಟದ ತುಂಬ ಒಂದೇ ಅಕ್ಷರ ಬರೆಸಿದಾಗ ಏನಾಗುತ್ತದೆ ಎಂಬುದನ್ನೂ ಗಮನಿಸಿದೆ. ಮೊದಲ ಸಾಲನ್ನು ಮಗು ನನ್ನ ಅಕ್ಷರ ನೋಡಿ ಬರೆಯುತ್ತದೆ, ಎರಡನೆಯ ಸಾಲನ್ನು ತನ್ನ ಮೊದಲ ಸಾಲು ನೋಡಿ, ಮೂರನೆಯದನ್ನು ಎರಡನೆಯದು ನೋಡಿ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ‘ದ’ ಹೊಟ್ಟೆ ಕಳೆದುಕೊಂಡು ‘ರ’ ಆಗಿರುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಬರುತ್ತವೆ. ಕೈಯ ದೃಷ್ಟಿಯಿಂದ ಇದು ಬಹಳ ವಿವೇಕದ ಕ್ರಮವೆಂದು ನನ್ನ ನಂಬಿಕೆ; ಒಂದು ತಿರುವು ಕೈಗೆ ಬಂದರೆ ಇನ್ನೊಂದಕ್ಕೆ ಅದೇ ದಾರಿಯಾಗುತ್ತದೆ. ಐದೂ ಅಕ್ಷರ ಪರಿಚಯವಾದ ಕೂಡಲೇ ನಾನು ಪುಟ ತುಂಬಿಸುವುದನ್ನು ನಿಲ್ಲಿಸಿ ಸರ, ರಸ, ಅರಸ, ಅಗಸ, ಗರಗಸ ಎಂದು ಬೆರೆಸಿ ಬರೆಸುತ್ತೇನೆ. ಆ ದಿನ ಅಕ್ಷರಗಳು ಕೆಡುತ್ತವೆ, ಮಕ್ಕಳಿಗೆ ಬೇಸರವೂ ಆಗುತ್ತದೆ. ಹತ್ತು ದಿನ ಬಿಟ್ಟು ನೋಡಿದರೆ ಬೆರೆಸಿ ಬರೆದವರ ಕೈಯೇ ಗಟ್ಟಿ. ಸಂಶೋಧಕರಾದ ಶೇ ಮತ್ತು ಮಾರ್ಗನ್ 1979ರಲ್ಲಿ ನಡೆಸಿದ ಪ್ರಯೋಗದಲ್ಲಿ ವಯಸ್ಕರ ಕೈಚಲನೆಯ ಕಲಿಕೆಯಲ್ಲಿಯೂ ಹೀಗೆಯೇ ಆಗಿತ್ತು: ಬೆರೆಸಿ ಅಭ್ಯಾಸ ಮಾಡಿದವರು ಅಭ್ಯಾಸದ ವೇಳೆ ಹಿಂದುಳಿದರು, ಹತ್ತು ದಿನಗಳ ನಂತರ ಮುಂದಿದ್ದರು.

ತಿದ್ದುವ ಕೆಲಸವನ್ನೂ ಈಗ ಅರ್ಧ ಮಕ್ಕಳಿಗೇ ಬಿಟ್ಟಿದ್ದೇನೆ. ಸಾಲು ಮುಗಿದ ಮೇಲೆ ತಾನು ಬರೆದದ್ದರಲ್ಲಿ ಚೆಂದದ ಅಕ್ಷರ ಯಾವುದೋ ಅದಕ್ಕೆ ಮಗುವೇ ಸುತ್ತು ಹಾಕಬೇಕು. ಮೊದಮೊದಲು ಎಲ್ಲದಕ್ಕೂ ಸುತ್ತು ಹಾಕುತ್ತಾರೆ, ಒಂದು ತಿಂಗಳಲ್ಲಿ ನಾನು ಆರಿಸುವುದನ್ನೇ ಆರಿಸತೊಡಗುತ್ತಾರೆ.

ಪ್ಲಾಸ್ಟರ್ ತೆಗೆದಾಗ ಬಲಗೈಯಲ್ಲಿ ಲೋಟ ಎತ್ತುವಷ್ಟೂ ಬಲವಿರಲಿಲ್ಲ, ಆದರೂ ಮೂರನೆಯ ದಿನಕ್ಕೆ ನನ್ನ ಹಳೆಯ ಬರವಣಿಗೆ ಹಾಗೆಯೇ ಮರಳಿತು. ಎಡಗೈಯ ಅಭ್ಯಾಸವನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಪ್ರತಿ ವರ್ಷ ಶಾಲೆ ಆರಂಭವಾಗುವ ಹಿಂದಿನ ರಾತ್ರಿ ಸ್ಲೇಟು ತೆಗೆದುಕೊಂಡು ಎಡಗೈಯಲ್ಲಿ ರ, ಗ, ಸ, ದ, ಅ ಬರೆಯುತ್ತೇನೆ, ಮರುದಿನ ಬರುವ ಮಕ್ಕಳ ಹೆಸರುಗಳನ್ನೂ ಬರೆಯುತ್ತೇನೆ. ಒತ್ತಕ್ಷರವಿರುವ ಹೆಸರುಗಳಲ್ಲಿ ಕೈ ಇನ್ನೂ ತಡೆಯುತ್ತದೆ.