ಅಂಗಡಿಯ ಹಸಿ ಕಸ, ಬೀದಿಯ ತರಗೆಲೆ: ಬಡಾವಣೆಯಲ್ಲೇ ಗೊಬ್ಬರ ಮಾಡುವುದು ಹೇಗೆ?

ಬೆಂಗಳೂರಿನ ಬಡಾವಣೆಗಳಲ್ಲಿ ಕಾಂಪೋಸ್ಟ್ ಶುರುವಾಗುವುದು ಸಾಮಾನ್ಯವಾಗಿ ಜೂನ್ 5ಕ್ಕೆ. ಪರಿಸರ ದಿನ ಅಲ್ವಾ! ಒಂದು ಬ್ಯಾನರ್, ನಾಲ್ಕು ಸಸಿ, ಪಾರ್ಕಿನ ಮೂಲೆಯಲ್ಲಿ ಒಂದು ಹೊಸ ಜಾಲರಿ ಪಂಜರ. ಎದುರಿನ ಹೋಟೆಲಿನವರು ಖುಷಿಯಿಂದ ಬಕೆಟ್ ಬಕೆಟ್ ಸಿಪ್ಪೆ ತಂದು ಸುರಿಯುತ್ತಾರೆ. ಜುಲೈಗೆ ವಾಸನೆ. ಆಗಸ್ಟ್‌ಗೆ ಪಕ್ಕದ ಮನೆಯವರ ದೂರು. ಗಣೇಶನ ಹಬ್ಬದ ಹೊತ್ತಿಗೆ ಪಂಜರಕ್ಕೆ ಟಾರ್ಪಾಲಿನ್ ಹೊದಿಸಿ ಎಲ್ಲರೂ ಮರೆತುಬಿಡುತ್ತಾರೆ.

ಹೀಗೆ ಕೆಟ್ಟ ರಾಶಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಾರಣ ಹೆಚ್ಚುಕಮ್ಮಿ ಒಂದೇ. ಒಣ ಎಲೆ ಕೂಡಿಡದೆ ಹಸಿ ಕಸಕ್ಕೆ ಕೈ ಹಾಕಿರುತ್ತಾರೆ. ಜೂನ್‌ನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು? ನಮ್ಮೂರಿನ ಮರಗಳು ಎಲೆ ಉದುರಿಸುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಹಾಗಾಗಿ ಈ ಕೆಲಸ ಶುರು ಮಾಡುವ ತಿಂಗಳು ಜನವರಿ. ಜೂನ್‌ನಲ್ಲಿ ಬ್ಯಾನರ್ ಬೇಕಾದರೆ ಕಟ್ಟಿಕೊಳ್ಳಿ.

ಇಷ್ಟೆಲ್ಲ ಯಾಕೆ ಅಂದರೆ, ಹಸಿ ಕಸವನ್ನು ಲಾರಿ ತುಂಬಿಸಿ ಊರಾಚೆ ಗುಡ್ಡೆ ಹಾಕಿದಾಗ ಅದು ಒಳಗೊಳಗೇ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಈ ಅನಿಲ, 100 ವರ್ಷದ ಲೆಕ್ಕದಲ್ಲಿ, ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜೋರು. 20 ವರ್ಷದ ಲೆಕ್ಕ ಹಿಡಿದರೆ 80 ಪಟ್ಟಿಗೂ ಜಾಸ್ತಿ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಬೀದಿಗಿಳಿದ ಮೇಲೆ 2014ರಲ್ಲಿ ಅಲ್ಲಿಗೆ ಕಸದ ಲಾರಿ ಹೋಗುವುದು ನಿಂತಿತು. ಕಸ ನಿಲ್ಲಲಿಲ್ಲ, ಬೇರೆ ಊರಿನ ಕ್ವಾರಿ ಹುಡುಕಿಕೊಂಡು ಹೋಯಿತು. ಅದೇ ಸಿಪ್ಪೆ ಗಾಳಿಯಾಡುವ ರಾಶಿಯಲ್ಲಿ ಕಳಿತರೆ ಮೀಥೇನ್ ತೀರಾ ಕಮ್ಮಿ, ಲಾರಿಯ ಡೀಸೆಲ್ಲೂ ಉಳಿಯಿತು.

ಮೊದಲು ಎಲೆ

ಲೆಕ್ಕ ಸುಲಭ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ. ದಿನಕ್ಕೆ ನಾಲ್ಕು ಬಕೆಟ್ ಸಿಪ್ಪೆ ತಗೊಳ್ಳುವ ಆಸೆ ಇದ್ದರೆ ದಿನಕ್ಕೆ ಎಂಟು ಬಕೆಟ್ ಎಲೆ ಬೇಕು, ತಿಂಗಳಿಗೆ 240. ಈ ಲೆಕ್ಕ ಕೇಳಿದ ಕೂಡಲೇ ಅರ್ಧ ಜನರ ಉತ್ಸಾಹ ಇಳಿಯುತ್ತದೆ. ಇಳಿಯಲಿ, ಒಳ್ಳೆಯದೇ. ಒಂದು ಬಕೆಟ್‌ನಿಂದ ಶುರು ಮಾಡಿ.

ಎಲೆ ಕೊಡುವವರು ನಿಮ್ಮ ಬೀದಿಯ ಪೌರಕಾರ್ಮಿಕರು. ಖಾಲಿ ಗೋಣಿಚೀಲ ಕೊಟ್ಟು, ಎಲೆಯನ್ನು ಬೇರೆ ಕಸದ ಜೊತೆ ಸೇರಿಸದೆ ತುಂಬಿಡಿ ಅಂತ ಕೇಳಿ. ಚೀಲ ಹೊತ್ತು ತರುವ ಕೆಲಸ ನಿಮ್ಮದು, ಅವರದಲ್ಲ. ಬೆಳಗ್ಗೆ ಅವರ ಕಾಫಿ ತಿಂಡಿಯ ಜವಾಬ್ದಾರಿಯನ್ನು ಹೋಟೆಲಿನವರು ಹೊತ್ತುಕೊಂಡರೆ ಇನ್ನೂ ಚೆನ್ನ. ಎಲೆಗೆ ಬೆಂಕಿ ಹಚ್ಚುವುದೂ ಇದರಿಂದಲೇ ನಿಲ್ಲುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೂ ಚಳಿಗಾಲದ ಬೆಳಗ್ಗೆ ಹೊಗೆ ಕಾಣದ ಬೀದಿ ಕಮ್ಮಿ.

ಹೊಂಗೆ ಎಲೆ ಸಿಕ್ಕರೆ ಅದೃಷ್ಟ, ಬೇಗ ಕಳಿಯುತ್ತದೆ. ಮಳೆಮರದ ಪುಟ್ಟ ಎಲೆಗಳೂ ಒಳ್ಳೆಯವೇ, ಆದರೆ ಒದ್ದೆಯಾದರೆ ಒತ್ತೊತ್ತಾಗಿ ಅಂಟಿಕೊಂಡು ಗಾಳಿ ಬಿಡುವುದಿಲ್ಲ. ಬೇರೆ ಎಲೆ ಬೆರೆಸಿ. ಮಾವು, ಹಲಸು, ಕಾಡು ಬಾದಾಮಿ ಎಲೆ ದಪ್ಪ. ಚೀಲದಲ್ಲಿ ತುಂಬಿ ಕಾಲಲ್ಲಿ ಚೆನ್ನಾಗಿ ತುಳಿದರೆ ಪುಡಿಯಾಗುತ್ತದೆ, ಮಿಷನ್ ಬೇಕಿಲ್ಲ. ನೀಲಗಿರಿ ನನಗೆ ಬೇಡ.

ಮಳೆಗಾಲದಲ್ಲಿ ಎಲೆ ಸಾಲದೇ ಬಂದಾಗ ಇವು ಕೈ ಹಿಡಿಯುತ್ತವೆ: ಕಬ್ಬಿನ ಹಾಲಿನ ಅಂಗಡಿಯ ಒಣಗಿದ ಸಿಪ್ಪೆ, ದಿನಸಿ ಅಂಗಡಿಯ ಹರಿದ ರಟ್ಟು, ಮೊಟ್ಟೆಯ ಕಾಗದದ ಟ್ರೇ, ಸಾಮಿಲ್‌ನ ಮರದ ಹೊಟ್ಟು. ಪ್ಲೈವುಡ್ ಕೊಯ್ಯುವ ಕಡೆಯ ಹೊಟ್ಟು ಮುಟ್ಟಬೇಡಿ, ಅದರಲ್ಲಿ ಅಂಟು ಇರುತ್ತದೆ. ಬಸವನಗುಡಿ ಸುತ್ತಮುತ್ತ ಇರುವವರು ಕಾರ್ತಿಕ ಮಾಸದ ಕೊನೆಯ ಸೋಮವಾರದ ಪರಿಷೆ ಮುಗಿದ ಮೇಲೆ ಕಡಲೆಕಾಯಿ ಸಿಪ್ಪೆ ಚೀಲಗಟ್ಟಲೆ ಕೂಡಿಡಬಹುದು. ಅದರಂಥ ಒಣ ಸರಕು ಇನ್ನೊಂದಿಲ್ಲ.

ಜಾಗ

ಮಣ್ಣಿನ ನೆಲ, ಮರದ ನೆರಳು, ಹತ್ತಿರ ಒಂದು ನಲ್ಲಿ. ಪಾರ್ಕಿನ ಮೂಲೆಯಾದರೆ ಪಾಲಿಕೆಯಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ಬಾಯಿ ಮಾತು ಬೇಡ.

ಯಾವ ಅಂಗಡಿ, ಯಾವುದು ಬೇಡ

ಮೊದಲ ಆರು ತಿಂಗಳು ಎರಡೇ ಅಂಗಡಿ ಸಾಕು: ಒಂದು ದರ್ಶಿನಿ, ಒಂದು ತರಕಾರಿ ಅಂಗಡಿ. ದರ್ಶಿನಿಯಿಂದ ಕಾಫಿ ಚರಟ ಮತ್ತು ತರಕಾರಿ ಸಿಪ್ಪೆ ಮಾತ್ರ. ಮಿಕ್ಕ ಅನ್ನ, ಸಾಂಬಾರು, ಎಣ್ಣೆ ತಿಂಡಿ ಬೇಡ. ಇಲಿ ಬರುವುದು ಅನ್ನಕ್ಕೆ, ಸಿಪ್ಪೆಗಲ್ಲ. ಮಾಂಸದ ಅಂಗಡಿಯ ಕಸವಂತೂ ಬೇಡವೇ ಬೇಡ.

ಎಳನೀರು ಗಾಡಿಯವರು ಬುರುಡೆ ತಗೊಳ್ಳಿ ಅಂತ ದುಂಬಾಲು ಬೀಳುತ್ತಾರೆ. ಪಾಪ, ಅವರಿಗೂ ಅದೇ ದೊಡ್ಡ ತಲೆನೋವು. ಆದರೆ ಬುರುಡೆ ಕಳಿಯಲು ವರ್ಷ ಹಿಡಿಯುತ್ತದೆ. ಚೂರು ಮಾಡುವ ದೊಡ್ಡ ಯಂತ್ರ ಇಲ್ಲದವರು ಒಪ್ಪಿಕೊಳ್ಳಬಾರದು. ಹೂವಿನವರಿಂದ ಬಾಡಿದ ಸೇವಂತಿಗೆ, ಚೆಂಡುಹೂ ತಗೊಳ್ಳಬಹುದು, ದಾರ ಬಿಚ್ಚಿ ಕೊಟ್ಟರೆ. ಬಾಳೆನಾರಾದರೆ ಬಿಚ್ಚಬೇಕಿಲ್ಲ. ನೈಲಾನ್ ದಾರವಾದರೆ ಫೋರ್ಕಿನ ಹಲ್ಲಿಗೆ ಸುತ್ತಿಕೊಂಡು ಜೀವ ತಿನ್ನುತ್ತದೆ. ಜ್ಯೂಸ್ ಅಂಗಡಿಯ ಮೂಸಂಬಿ ಸಿಪ್ಪೆ ವಾರಕ್ಕೆ ಒಂದೆರಡು ಬಕೆಟ್ ಮಾತ್ರ, ಅದೂ ಹೆಚ್ಚಿದ್ದು. ಜಾಸ್ತಿಯಾದರೆ ರಾಶಿ ಹುಳಿಯಾಗಿ ಕೆಲಸ ನಿಧಾನವಾಗುತ್ತದೆ.

ಹಬ್ಬದ ದಿನ ಎಚ್ಚರ. ಆಯುಧಪೂಜೆ ಮಾರನೇ ದಿನ ರಸ್ತೆ ತುಂಬ ಒಡೆದ ಬೂದುಗುಂಬಳಕಾಯಿ, ಬಾಳೆಕಂದು. ಎಲ್ಲವನ್ನೂ ಒಂದೇ ದಿನ ರಾಶಿಗೆ ಹಾಕಿದರೆ ಕೆರೆಯಾಗುತ್ತದೆ, ಕುಂಬಳಕಾಯಿ ತುಂಬ ನೀರೇ ಅಲ್ವಾ. ಕಂದನ್ನು ತೆಳ್ಳಗೆ ಕತ್ತರಿಸಿ ಎರಡು ದಿನ ಬಿಸಿಲಿಗೆ ಹಾಕಿ. ಕುಂಬಳಕಾಯಿಯೊಳಗಿನ ಚಿಲ್ಲರೆ ಮೊದಲು ತೆಗೆಯಿರಿ. ಅವರೆಕಾಯಿ ಕಾಲದ ಸೊಗಡಿನ ಸಿಪ್ಪೆ ಮಾತ್ರ ಎಷ್ಟು ಬಂದರೂ ಬರಲಿ, ರಾಶಿ ಎರಡೇ ದಿನಕ್ಕೆ ಬಿಸಿಯೇರುತ್ತದೆ. ಆದರೆ ಎಲೆಯ ಲೆಕ್ಕ ಅದಕ್ಕೂ ಬಿಡಬೇಡಿ.

ಮಾಲೀಕರ ಹತ್ತಿರ ಏನು ಮಾತಾಡಬೇಕು

ಭೂಮಿ ಬಿಸಿಯಾಗುವ ಭಾಷಣ ಬೇಡ. ಬೆಳಗ್ಗೆ ಎಂಟೂವರೆಗೆ ಇಡ್ಲಿ ಸಾಲು ನಿಂತಿರುವಾಗ ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಹೋಗಿ. 'ನಿಮ್ಮ ಹಿಂಬಾಗಿಲ ಬಕೆಟ್ ದಿನಾ ಹನ್ನೊಂದು ಗಂಟೆಗೆ ನಾವು ಎತ್ತುತ್ತೇವೆ, ತೊಳೆದ ಖಾಲಿ ಬಕೆಟ್ ಇಟ್ಟು ಹೋಗುತ್ತೇವೆ' ಅನ್ನಿ. ನೊಣ ಹೋಗುತ್ತದೆ ಅಂದರೆ ಅವರಿಗೆ ಅರ್ಥವಾಗುತ್ತದೆ. ಪ್ರತಿಯಾಗಿ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಕೇಳಿ. ನಾಚಿಕೆ ಬೇಡ. ರಾಶಿ ನೋಡಿಕೊಳ್ಳುವ ಮಾಲಿಗೆ ಸಂಬಳ ಕೊಡಬೇಕು. ಬರೀ ಸ್ವಯಂಸೇವಕರನ್ನು ನಂಬಿ ನಡೆದ ರಾಶಿ ಬೇಸಿಗೆ ರಜೆ ದಾಟಿದ್ದನ್ನು ನಾನಂತೂ ಕಂಡಿಲ್ಲ.

ಮಾಲೀಕರು ಒಪ್ಪಿದರೆ ಅರ್ಧ ಕೆಲಸ. ಇನ್ನರ್ಧ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಹುಡುಗನದು. ಅವನು ಕುಂದಾಪುರದವನೋ, ಅಸ್ಸಾಂನವನೋ ಇರಬಹುದು. ಕನ್ನಡ ಇಂಗ್ಲಿಷ್ ಬೋರ್ಡ್ ಬಿಡಿ, ಚಿತ್ರ ಅಂಟಿಸಿ. ಹಸಿರು ಬಕೆಟ್ ಅವನ ಕೈಗೆಟಕುವಂತೆ ಈಳಿಗೆಮಣೆಯ ಪಕ್ಕದಲ್ಲೇ ಇರಬೇಕು. ನಾಲ್ಕು ಹೆಜ್ಜೆ ದೂರವಿಟ್ಟರೆ ಸಿಪ್ಪೆಯೂ ಪ್ಲಾಸ್ಟಿಕ್ಕೂ ಹತ್ತಿರದ ಡಬ್ಬಕ್ಕೇ ಬೀಳುತ್ತವೆ.

ಹಾಲಿನ ಪ್ಯಾಕೆಟ್ ಕತ್ತರಿಸುವುದನ್ನು ಅವನಿಗೆ ನೀವೇ ತೋರಿಸಿಕೊಡಿ. ಮೂಲೆ ಪೂರ್ತಿ ಕತ್ತರಿಸಿದರೆ ಉಗುರಿನಷ್ಟು ತ್ರಿಕೋನ ಹಾರಿ ಕಾಫಿ ಚರಟದಲ್ಲಿ ಬೀಳುತ್ತದೆ. ಎರಡು ತಿಂಗಳಾದ ಮೇಲೆ ಜರಡಿ ಹಿಡಿದರೆ ಅದು ಹಾಗೇ ಇರುತ್ತದೆ, ಬಣ್ಣ ಕೂಡ ಮಾಸಿರುವುದಿಲ್ಲ. ಮೂಲೆ ಸೀಳಬೇಕು, ತುಂಡು ಪ್ಯಾಕೆಟ್ಟಿಗೇ ಅಂಟಿಕೊಂಡಿರಬೇಕು. ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಸೇಬಿನ ಮೇಲಿನ ಸ್ಟಿಕ್ಕರ್ ಕೂಡ ಇದೇ ಜಾತಿ.

ರಾಶಿ ಕಟ್ಟುವುದು

ಜನ ಎಡವುವುದೇ ಇಲ್ಲಿ, ನಿಧಾನವಾಗಿ ಓದಿ.

ನಾಲ್ಕು ಅಡಿ ಉದ್ದ, ಅಗಲ, ಎತ್ತರದ ಜಾಲರಿ ಪಂಜರ ಮೂರು ಬೇಕು. ಒಂದು ತುಂಬಲು, ಒಂದು ಮಾಗಲು, ಒಂದು ಎಲೆಗೆ. ಮೂರಡಿಗಿಂತ ಚಿಕ್ಕ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಬಿಸಿ ಇಲ್ಲದಿದ್ದರೆ ಕಳೆಯ ಬೀಜ ಸಾಯುವುದಿಲ್ಲ, ಕೆಟ್ಟ ಸೂಕ್ಷ್ಮಜೀವಿಗಳೂ ಉಳಿಯುತ್ತವೆ.

ಕೆಳಗೆ ಅರ್ಧ ಅಡಿ ಕಡ್ಡಿ, ಪುಳ್ಳೆ. ಗಾಳಿ ಒಳಬರುವುದು ಅಲ್ಲಿಂದ. ಅದರ ಮೇಲೆ ಅರ್ಧ ಅಡಿ ಎಲೆ. ಈಗ ಹಸಿ ಕಸ, ಎರಡು ಇಂಚು ದಪ್ಪಕ್ಕೆ. ಅದಕ್ಕಿಂತ ಬೇಡ. ಎಲೆಕೋಸಿನ ಬೆಂಡು, ಹೂಕೋಸಿನ ದಂಟು ಬೆರಳುದ್ದಕ್ಕೆ ಕತ್ತರಿಸಿರಬೇಕು. ಹಸಿ ಕಸ ಜಾಲರಿಯ ಅಂಚಿಗೆ ತಾಗಬಾರದು, ಸುತ್ತಲೂ ಒಂದು ಗೇಣು ಬರೀ ಎಲೆಯೇ ಇರಬೇಕು. ಹೀಗೆ ಎಲೆಯ ಗೋಡೆ ಇದ್ದರೆ ನೊಣ ಒಳಗೆ ಹೋಗುವುದಿಲ್ಲ, ವಾಸನೆ ಹೊರಗೆ ಬರುವುದಿಲ್ಲ. ಮೇಲೆ ಹುಳಿ ಮಜ್ಜಿಗೆ ಅಥವಾ ಸಗಣಿ ಬಗ್ಗಡ ಚಿಮುಕಿಸಿ. ಆಮೇಲೆ ನಾಲ್ಕು ಇಂಚು ಎಲೆ. ದಿನದ ಕೆಲಸ ಮುಗಿದಾಗ ಹಸಿ ಅನ್ನುವುದು ಒಂದು ಚೂರೂ ಕಣ್ಣಿಗೆ ಕಾಣಬಾರದು.

ಇನ್ನು ನೀರು. ಸಿಪ್ಪೆಯಲ್ಲೇ ನೀರಿದೆ ಅಂತ ಕೆಲವರು ಹಾಕುವುದೇ ಇಲ್ಲ. ರಾಶಿ ಒಳಗೆ ಎಲೆ ಹಾಗೇ ಗರಿಗರಿಯಾಗಿ ಉಳಿಯುತ್ತದೆ. ಇನ್ನು ಕೆಲವರು ಪೈಪ್ ಹಿಡಿದು ನಿಲ್ಲುತ್ತಾರೆ. ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬೆರಳ ಸಂದಿಯಲ್ಲಿ ಕಂಡರೆ ಸರಿ. ಧಾರೆ ಇಳಿದರೆ ಜಾಸ್ತಿ, ಕೈ ಒಣಗೇ ಇದ್ದರೆ ಕಮ್ಮಿ. ಒಗೆದು ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ತರಕಾರಿ ತೊಳೆದ ನೀರು ಸಾಕು. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ, ಇಲ್ಲಿಗೆ ಕಾವೇರಿ ನೀರು ಬೇಡ.

ಮೂರು ನಾಲ್ಕು ದಿನಕ್ಕೆ ಬಿಸಿಯೇರಬೇಕು. ಥರ್ಮಾಮೀಟರ್ ಇದ್ದರೆ ನಡುವೆ 55ರಿಂದ 65 ಡಿಗ್ರಿ ತೋರಿಸುತ್ತದೆ. ಇಲ್ಲದಿದ್ದರೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿದುಕೊಳ್ಳಲು ಆಗಬಾರದು. ಬೆಚ್ಚಗಷ್ಟೇ ಇದ್ದರೆ ಹಸಿ ಕಮ್ಮಿ, ಇಲ್ಲವೇ ನೀರು ಕಮ್ಮಿ, ಇಲ್ಲವೇ ರಾಶಿ ಚಿಕ್ಕದು.

ಮೂಗು ಉಳಿದದ್ದನ್ನು ಹೇಳುತ್ತದೆ. ಮೂಗಿಗೆ ಚುರ್ ಅನ್ನುವ ಘಾಟಾದರೆ ಅಮೋನಿಯಾ, ಎಲೆ ಸಾಲದು. ಕೊಳೆತ ಮೊಟ್ಟೆ ವಾಸನೆಯಾದರೆ ಗಾಳಿ ಇಲ್ಲ. ಅವತ್ತೇ ಕೆದಕಿ, ಎಲೆ ಬೆರೆಸಿ. ಮೀಥೇನ್ ಹುಟ್ಟುವುದೂ ಇಂಥ ಉಸಿರುಗಟ್ಟಿದ ರಾಶಿಯಲ್ಲೇ. ಗಮನ ಕೊಡದಿದ್ದರೆ ಕ್ವಾರಿಯಲ್ಲಿ ಆಗುತ್ತಿದ್ದದ್ದು ಪಾರ್ಕಿನಲ್ಲೇ ಆಗುತ್ತದೆ, ಅಷ್ಟೇ.

ದಪ್ಪ, ಕಂದು ಬಣ್ಣದ ಹುಳು ಗುಳುಗುಳು ಕಂಡರೆ ಕೆಲವರು ಫಿನಾಯಿಲ್ ತರಲು ಓಡುತ್ತಾರೆ. ದಯವಿಟ್ಟು ಬೇಡ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ಕಚ್ಚುವುದಿಲ್ಲ, ಸಿಪ್ಪೆಯನ್ನು ಬಹಳ ಬೇಗ ಮುಗಿಸುತ್ತವೆ. ರಾಶಿ ಒದ್ದೆ ಜಾಸ್ತಿ ಅನ್ನುವ ಸೂಚನೆಯಷ್ಟೇ.

ಯಂತ್ರ ಮತ್ತು ಪುಡಿಗಳ ಬಗ್ಗೆ

'24 ಗಂಟೆಯಲ್ಲಿ ಗೊಬ್ಬರ' ಅಂತ ಮಾರುವ ಕರೆಂಟ್ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಒಂದು ದಿನದಲ್ಲಿ ಯಾವುದೂ ಗೊಬ್ಬರವಾಗುವುದಿಲ್ಲ. ಅವು ಕಸವನ್ನು ಕಾಯಿಸಿ ಒಣಗಿಸಿ ಪುಡಿ ಮಾಡುತ್ತವೆ. ಆ ಪುಡಿಗೆ ನೀರು ತಾಗಲಿ, ಮತ್ತೆ ಕೊಳೆಯಲು ಶುರು. ಮೇಲಿಂದ ಕರೆಂಟ್ ಬಿಲ್ಲು. ಕಸ ಕಳಿಸುವ ಸೂಕ್ಷ್ಮಜೀವಿಗಳಿವೆ ಅಂತ ಮಾರುವ ದುಬಾರಿ ಕಲ್ಚರ್ ಪುಡಿಯೂ ಬೇಕಿಲ್ಲ, ಮಜ್ಜಿಗೆ ಸಾಕು. 'ಕಾಂಪೋಸ್ಟಬಲ್' ಅಂತ ಬರೆದ ಹಸಿರು ಕವರ್‌ಗಳು ದೊಡ್ಡ ಘಟಕಗಳ ನಿರಂತರ ಬಿಸಿಗೆ ಮಾಡಿದವು, ನಮ್ಮ ರಾಶಿಯಲ್ಲಿ ಪೂರ್ತಿ ಕರಗುವುದಿಲ್ಲ. ಬಕೆಟ್ಟಿಗೆ ಹಳೇ ಪೇಪರ್ ಹಾಸಿ.

ತಿರುವುವುದು, ಮಾಗುವುದು

ಪಂಜರ ತುಂಬಿದ ಮೇಲೆ ವಾರಕ್ಕೊಮ್ಮೆ ಫೋರ್ಕಿನಿಂದ ತಿರುವಿ. ಅಂಚಿನದ್ದು ಒಳಗೆ, ಒಳಗಿನದ್ದು ಅಂಚಿಗೆ. ಮಳೆಗಾಲದಲ್ಲಿ ಮೇಲೆ ತಗಡು ಹೊದಿಸಿ. ಟಾರ್ಪಾಲಿನ್‌ನಿಂದ ಸುತ್ತಿದರೆ ಗಾಳಿ ನಿಲ್ಲುತ್ತದೆ. ತಿರುವಿದರೂ ಬಿಸಿಯೇಳದೇ ಇದ್ದಾಗ ಮುಟ್ಟದೆ ಒಂದು ತಿಂಗಳು ಬಿಡಿ. ಒಟ್ಟು ಎರಡರಿಂದ ಮೂರು ತಿಂಗಳು.

ಜರಡಿ, ಪರೀಕ್ಷೆ, ಹಂಚಿಕೆ

ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಅನುಮಾನ ಇದ್ದರೆ ಒಂದು ಕುಂಡದಲ್ಲಿ ಅರ್ಧ ಗೊಬ್ಬರ, ಅರ್ಧ ಮಣ್ಣು ಹಾಕಿ ಮೆಂತ್ಯ ಬಿತ್ತಿ. ವಾರದೊಳಗೆ ಚೆನ್ನಾಗಿ ಹುಟ್ಟಿದರೆ ಹಂಚಬಹುದು. ಹುಟ್ಟದಿದ್ದರೆ, ಅಥವಾ ಮೊಳಕೆ ಹಳದಿಯಾದರೆ, ಇನ್ನೂ ಹಸಿ ಇದೆ. ಹಸಿ ಗೊಬ್ಬರ ಹಾಕಿ ತುಳಸಿ ಸಾಯಿಸಿಕೊಂಡವರು ಮತ್ತೆ ಯಾವ ಸಭೆಗೂ ಬರುವುದಿಲ್ಲ.

ಗೊಬ್ಬರದ ಮೊದಲ ಪಾಲು ಕಸ ಕೊಟ್ಟ ಅಂಗಡಿಗೆ. ದರ್ಶಿನಿಯ ಕೌಂಟರ್ ಪಕ್ಕ ಸಣ್ಣ ಪೊಟ್ಟಣಗಳನ್ನಿಟ್ಟು ಗಿರಾಕಿಗಳಿಗೆ ಸುಮ್ನೆ ಕೊಡಲಿ. ಮುಂದಿನ ತಿಂಗಳ ಮೊತ್ತ ಕೇಳಲು ನಿಮಗೆ ಮುಖ ಇರುತ್ತದೆ. ಎರಡನೇ ಪಾಲು ಪೌರಕಾರ್ಮಿಕರಲ್ಲಿ ಬೇಕಾದವರಿಗೆ. ಉಳಿದದ್ದು ಬೀದಿಯ ಮರದ ಪಾತಿಗೆ, ಮನೆ ಕುಂಡಗಳಿಗೆ. ಗೊಬ್ಬರ ಬೆರೆತ ಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ನೀರು ಹಾಕುವುದು ಕಮ್ಮಿಯಾಗುತ್ತದೆ. ಮಾರಾಟದ ವ್ಯವಹಾರಕ್ಕೆ ಇಳಿಯಬೇಡಿ. ಚೀಲಕ್ಕೆ ಎಷ್ಟು ಅನ್ನುವ ಜಗಳದಲ್ಲಿ ಸಂಘವೇ ಒಡೆಯುತ್ತದೆ.

ಜರಡಿಯಲ್ಲಿ ಉಳಿದ ಕಡ್ಡಿ, ಗಟ್ಟಿ ಚೂರುಗಳನ್ನು ಎಸೆಯಬೇಡಿ. ಪ್ಲಾಸ್ಟಿಕ್ ಆರಿಸಿ, ಮಿಕ್ಕಿದ್ದನ್ನು ಹೊಸ ಪಂಜರದ ತಳಕ್ಕೆ ಹಾಕಿ. ಆ ರಾಶಿಗೆ ಮಜ್ಜಿಗೆಯೂ ಬೇಕಾಗುವುದಿಲ್ಲ.