ಬಾವಿಯ ಕಲ್ಲು ಎಣಿಸಿ ಬೇಸಿಗೆ ದಾಟಿಸುವುದು

ಬೇಸಿಗೆ ಶುರುವಾಯಿತೆಂದರೆ ನಾನು ಬೆಳಿಗ್ಗೆ ಎದ್ದು ಮೊದಲು ಬಾವಿಗೆ ಬಗ್ಗಿ ನೋಡುತ್ತೇನೆ. ನೀರಿನ ಮೇಲೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಸಾಲು ಎಷ್ಟು ಕಾಣುತ್ತದೆ ಅಂತ ಎಣಿಸುತ್ತೇನೆ. ಮದುವೆಯಾಗಿ ಉಡುಪಿಗೆ ಬಂದ ವರ್ಷ ಅತ್ತೆ ಕಲಿಸಿದ್ದು ಇದು. ಮಾರ್ಚ್‌ನಲ್ಲೇ ವಾರಕ್ಕೊಂದು ಸಾಲು ಇಳಿಯತೊಡಗಿದರೆ ಅವರು ಆ ದಿನದಿಂದಲೇ ನೀರಿನ ಖರ್ಚು ಬಿಗಿ ಮಾಡುತ್ತಿದ್ದರು. ತಳ ಕಂಡ ಮೇಲೆ ಉಳಿಸಲು ಏನಿರುತ್ತದೆ ಹೇಳಿ?

2019ರ ಬೇಸಿಗೆಯಲ್ಲಿ ಸ್ವರ್ಣಾ ನದಿ ಬತ್ತಿ ಬಜೆ ಅಣೆಕಟ್ಟಿನಲ್ಲೇ ನೀರಿರಲಿಲ್ಲ. ಪೇಟೆಯ ನಳ್ಳಿಗಳೂ ಒಣಗಿದ್ದವು. ಆ ವರ್ಷ ನಾನು ಎಣಿಸುವುದನ್ನು ಬಿಟ್ಟಿದ್ದೆ. ಒಂದು ದಿನ ಪಂಪ್ ಹಾಕಿ ಒಳಗೆ ಬಂದು ಅಡಿಗೆಗೆ ನಿಂತೆ. ನೀರು ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್‌ಗಿಂತ ಕೆಳಗೆ ಹೋಗಿತ್ತು. ಸುಟ್ಟ ವಾಸನೆ ಬಂದಾಗಲೇ ಗೊತ್ತಾದದ್ದು. ನೀರೂ ಇಲ್ಲ, ಪಂಪೂ ಇಲ್ಲ. ಹಳೆಯ ರಾಟೆಗೆ ಹಗ್ಗ ಹಾಕಿ ಕೊಡಪಾನ ಇಳಿಸಿದರೆ ಅರ್ಧ ಕೆಸರು ಬರುತ್ತಿತ್ತು.

ಈಗ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಪಂಪ್. ನಡುವೆ ಬಾವಿಗೆ ಒಸರು ಬರಲು ಸಮಯ ಬೇಕು. ಮಲ್ಪೆ ಬದಿಯವರು, ಕಡಲಿಗೆ ಹತ್ತಿರ ಇರುವವರು ಇನ್ನೂ ಜಾಗ್ರತೆ ಮಾಡಿ. ಒಂದೇ ಸಮನೆ ಎಳೆದರೆ ಸಿಹಿನೀರು ಕಡಿಮೆಯಾಗಿ ಉಪ್ಪುನೀರು ಒಳಗೆ ನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿ ಸರಿಯಾಗಲು ಮಳೆಗಾಲವೇ ಬರಬೇಕು.

ಮನೆಯೊಳಗೆ ನೀರನ್ನು ಎರಡು ಸಲ ಬಳಸಿ. ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು ದನಕ್ಕೆ, ದನ ಇಲ್ಲದಿದ್ದರೆ ಬಸಳೆ ಚಪ್ಪರದ ಬುಡಕ್ಕೆ. ತರಕಾರಿ ತೊಳೆದದ್ದು ಕರಿಬೇವಿಗೆ. ಬಟ್ಟೆ ಜಾಲಿಸಿದ ಕೊನೆಯ ನೀರು ಬಕೆಟ್‌ನಲ್ಲಿ ಹಿಡಿದಿಟ್ಟರೆ ಕಕ್ಕಸಿಗೆ ಸಾಕು. ತೆಂಗಿನ ಬುಡದಲ್ಲಿ ಸಿಪ್ಪೆಯನ್ನು ಒಳಮೈ ಮೇಲೆ ಮಾಡಿ ಹೂತು, ಮೇಲೆ ಒಣ ಸೋಗೆ ಹಾಸಿ. ಮಣ್ಣು ಸುಲಭಕ್ಕೆ ಒಣಗುವುದಿಲ್ಲ.

ಬಾವಿ ತಳ ಸೇರಿದಾಗ ನೀರು ಕಲಕಿರುತ್ತದೆ, ವಾಂತಿ ಭೇದಿ, ಕಾಮಾಲೆ ಹೆಚ್ಚುವ ಸಮಯ ಅದು. ಕುಡಿಯುವ ನೀರು ಕುದಿಯಲೇಬೇಕು. ಟ್ಯಾಂಕರ್ ನೀರಾದರಂತೂ ಕೇಳುವುದೇ ಬೇಡ. ಕುದಿಸಿ ಆರಿಸಿ, ಒಂದು ಹಿಡಿ ತೊಳೆದ ಲಾವಂಚದ ಬೇರು ಹಾಕಿದ ಮಣ್ಣಿನ ಹೂಜಿಯಲ್ಲಿಡಿ. ಫ್ರಿಜ್ ಬಾಟಲಿಗಿಂತ ಗಂಟಲಿಗೆ ಅದೇ ಹಿತ.

ಇನ್ನು ಸೆಕೆ. ಕರಾವಳಿಯ ಸೆಕೆಯನ್ನು ಥರ್ಮಾಮೀಟರ್ ನೋಡಿ ಅಳೆಯಬೇಡಿ. ಬೇರೆ ಊರಿನ 40 ಡಿಗ್ರಿಗಿಂತ ನಮ್ಮ 36 ಕಡಿಮೆ ಅಂತ ಸುಮ್ನೆ ಬಿಡುವವರಿದ್ದಾರೆ. ಇಲ್ಲಿ ಗಾಳಿಯಲ್ಲೇ ನೀರಿನ ಪಸೆ ಇರುವುದರಿಂದ ಬೆವರು ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಹಾಗಾಗಿ ಸುರಿಯುತ್ತದೆ, ಆದರೆ ಬಿಸಿ ಇಳಿಯುವುದಿಲ್ಲ. ನೀರೂ ಉಪ್ಪೂ ಎರಡೂ ಹೋಗುತ್ತವೆ. ಅದಕ್ಕೇ ಹತ್ತು ಗಂಟೆಗೆ ಕುಚ್ಚಲಕ್ಕಿ ಗಂಜಿ, ಒಂದು ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಒಂದೆಲಗದ ತಂಬುಳಿ. ಸಂಜೆ ಪುನರ್ಪುಳಿ (ಕೋಕಂ) ಶರಬತ್ತು: ಒಣಸಿಪ್ಪೆ ಅರ್ಧ ಗಂಟೆ ನೆನೆಸಿ ಕಿವುಚಿ, ಬೆಲ್ಲ, ಚಿಟಿಕೆ ಉಪ್ಪು, ಒಂದು ಏಲಕ್ಕಿ. ಬಣ್ಣದ ಬಾಟಲಿ ಪಾನೀಯ ಮಕ್ಕಳಿಗೆ ಕೊಡಬೇಡಿ, ಬೊಂಡ (ಎಳನೀರು) ಸಿಕ್ಕರೆ ಅದನ್ನೇ ಕೊಡಿ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪು, ಬೊಂಡದ ವಿಷಯ ಡಾಕ್ಟರನ್ನೇ ಕೇಳಿ.

ಭೇದಿಯಾದರೆ, ತುಂಬಾ ಸುಸ್ತಾದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಚಮಚವನ್ನು ರಾಶಿ ಮಾಡದೆ ಸಮ ಮಾಡಿ ಅಳೆಯಿರಿ, ಉಪ್ಪು ಜಾಸ್ತಿಯಾದರೆ ಅಪಾಯ.

ಮನೆಯ ಹಿರಿಯರನ್ನು ಗಂಟೆಗೊಮ್ಮೆ ಮಾತಾಡಿಸುತ್ತಿರಿ. ಅವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ. ಮೈ ಕಾದು, ಮಾತು ತಪ್ಪತೊಡಗಿದರೆ ಅದು ನಿದ್ದೆಯ ಮಂಪರು ಅಂದುಕೊಳ್ಳಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಬರುವವರೆಗೆ ನೆರಳಲ್ಲಿ ಮಲಗಿಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕುತ್ತಿರಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಹಂಚಿನ ಮನೆಯವರಿಗೆ ಅಷ್ಟು ಕಷ್ಟವಿಲ್ಲ. ತಾರಸಿ ಮನೆಯಾದರೆ ಮೇಲೆ ಸುಣ್ಣ ಬಳಿಯಿರಿ, ಇಲ್ಲವೇ ತೆಂಗಿನ ಮಡಲು ಹಾಸಿ. ಹನ್ನೊಂದಕ್ಕೆ ಪಡುಬದಿಯ ಕಿಟಕಿ ಮುಚ್ಚಿ, ಕಡಲ ಗಾಳಿ ತಂಪಾದ ಮೇಲೆ ತೆರೆಯಿರಿ.

ಆ ತಾರಸಿಯಿಂದ ಇನ್ನೊಂದು ಕೆಲಸವೂ ಆಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. 1000 ಚದರಡಿ ತಾರಸಿಯ ಮೇಲೆ ಬೀಳುವುದು 3 ಲಕ್ಷ ಲೀಟರಿಗೂ ಜಾಸ್ತಿ. ಮುರಕಲ್ಲಿನ ನೆಲದಲ್ಲಿ ಅದೆಲ್ಲ ಬೇಗ ಹರಿದು ಹೋಗುತ್ತದೆ. ನಾವು ಪೈಪ್ ಹಾಕಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ಬಾವಿಗೇ ಬಿಟ್ಟಿದ್ದೇವೆ. ಮೊದಲ ಎರಡು ಮೂರು ಮಳೆಯ ಕೊಳೆ ನೀರು ಹೊರಗೆ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ತಾರಸಿ ಗುಡಿಸಿ, ಡ್ರಮ್ಮಿನ ಮರಳು ತೊಳೆದಿಡಬೇಕು. ಇವತ್ತು ಎಣಿಸಿದೆ, ಹದಿನಾಲ್ಕು ಸಾಲು ಕಾಣುತ್ತಿದೆ. ಮರಳು ತೊಳೆಯುವುದಕ್ಕೆ ಈ ಭಾನುವಾರ ಮಗನನ್ನು ಕರೆದಿದ್ದೇನೆ.