ಪದಬಂಧ ಬಿಡಿಸಲು ಮೊದಲು ಮನೆ ಎಣಿಸಿ

ಪದಬಂಧಕ್ಕೆ ಕೂತರೆ ಮೊದಲು ಮನೆ ಎಣಿಸಿ, ಸುಳಿವು ಆಮೇಲೆ. ಒತ್ತಕ್ಷರವಿರಲಿ, ಸೊನ್ನೆ ಇರಲಿ, ಒಂದು ಅಕ್ಷರಕ್ಕೆ ಒಂದೇ ಮನೆ. ‘ಕೃಷ್ಣ’ನಿಗೆ ಎರಡು, ‘ಸಂಸಾರ’ಕ್ಕೆ ಮೂರು.

ಉಡುಪಿಯಲ್ಲಿ ನನ್ನದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಸಲು ಬರುವ ಹುಡುಗಿಯರು ಮೆಷಿನ್ ಪಕ್ಕದ ಪೇಪರ್ ನೋಡಿ, “ಅಕ್ಕ, ಇಷ್ಟು ಶಬ್ದ ನಿಮಗೆ ಹೇಗೆ ಗೊತ್ತು?” ಅಂತ ಕೇಳುತ್ತಾರೆ. ಶಬ್ದ ಕಡಿಮೆಯೇ ಮಾರಾಯ್ತಿ, ಲೆಕ್ಕ ಗೊತ್ತುಂಟು.

ಪದಬಂಧ ಮಾಡುವವರಿಗೆ ಕಮಲ, ಮೋಡ, ಸಮುದ್ರ ಅಂದರೆ ಬಹಳ ಪ್ರೀತಿ. ಮೂರಕ್ಕೂ ಬುಡ ನೀರೇ. ನೀರಿಗೆ ಜಲ, ವಾರಿ, ಅಂಬು, ತೋಯ ಅಂತ ಹೆಸರುಗಳುಂಟು. ಕೊನೆಗೆ ‘ಜ’ ಸೇರಿಸಿದರೆ ಕಮಲ: ಜಲಜ, ವಾರಿಜ, ಅಂಬುಜ. ‘ದ’ ಸೇರಿಸಿದರೆ ಮೋಡ: ಜಲದ, ಅಂಬುದ. ‘ಧಿ’ ಸೇರಿಸಿದರೆ ಸಮುದ್ರ: ಜಲಧಿ, ವಾರಿಧಿ. 4 ಶಬ್ದ ಕಲಿತರೆ 12 ಉತ್ತರ! ಆದರೆ ಎಲ್ಲದಕ್ಕೂ ಮೂರೇ ಮನೆ. ಹಾಗಾಗಿ ಸುಳಿವು ‘ತಾವರೆ’ ಅಂತಿದ್ದರೆ ಸುಮ್ನೆ ಜಲಜ ಬರೆದುಬಿಡಬೇಡಿ. ಪೆನ್ಸಿಲಿನಲ್ಲಿ ಕೊನೆಯ ‘ಜ’ ಮಾತ್ರ ಹಾಕಿ. ಉಳಿದದ್ದನ್ನು ಮೇಲಿಂದ ಇಳಿಯುವ ಶಬ್ದಗಳು ಹೇಳುತ್ತವೆ. ‘ಜ’ ಹೊಂದದಿದ್ದರೆ ಕಮಲವೋ ನಳಿನವೋ ಇರಬೇಕು.

‘ಕಲಿಯುವಂತೆ ಮಾಡು’ ಅಂತ ಸುಳಿವಿದ್ದರೆ ಕೊನೆಯ ಮನೆಗೆ ಮೊದಲೇ ‘ಸು’ ಹಾಕಿ, ‘ಕಲಿಸು’ ಅನ್ನುವ ಹಾಗೆ.

‘ಣ’, ‘ಳ’ದಿಂದ ಶುರುವಾಗುವ ಶಬ್ದ ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮ ಅಡ್ಡ ಉತ್ತರದ ‘ಳ’ ಬಿದ್ದ ಮನೆಯಿಂದಲೇ ಕೆಳಗಿನ ಶಬ್ದ ಶುರುವಾಗುತ್ತದಾ? ಹಾಗಾದರೆ ಅಡ್ಡ ಉತ್ತರವನ್ನೇ ಅಳಿಸಿ.

ತುಂಟ ಸುಳಿವುಗಳಲ್ಲಿ ಅರ್ಥ ಬಿಟ್ಟು ಅಕ್ಷರ ನೋಡಬೇಕು. ‘ತಿರುಗಿ ಹರಿದ ನದಿಗೆ ಒಂದು ಹಗಲು, ಒಂದು ರಾತ್ರಿ’ ಅಂದರೆ ದಿನ. ‘ಮಂಗಳೂರಿನಲ್ಲಿ ಅಡಗಿದ ಕೋತಿ’ ಅಂದರೆ ಮಂಗ. (ನಾನು ಉಡುಪಿಯವಳು, ಹೇಳಬಹುದು.) ನಮ್ಮ ಊರಿನ ಹೆಸರಲ್ಲೂ ಸಾಮಾನುಂಟು: ‘ಉಡು’ ಅಂದರೆ ನಕ್ಷತ್ರ, ‘ಉಡುಪ’ ಅಂದರೆ ಚಂದ್ರ. ಮೂರು ಮನೆಯ ಚಂದ್ರನಿಗೆ ಇಂದು, ಶಶಿ ಅಂತ ಪರದಾಡುವವರು ಇದನ್ನು ಮರೆಯುತ್ತಾರೆ.

ತುಳು ಮಾತಾಡುವವರು ಒಂದು ಕಡೆ ಜಾಗ್ರತೆ. ‘ಬಾಳೆ’ ಬರೆಯುವಲ್ಲಿ ಕೈ ‘ಬಾರೆ’ ಅಂತ ಬರೆಯುತ್ತದೆ. ‘ಎಲೆ’ ‘ಇರೆ’ ಆಗುತ್ತದೆ. ಮನೆಯ ಲೆಕ್ಕ ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಮೂಲೆಯೊಂದು ಎಷ್ಟು ಎಳೆದರೂ ಬಿಡುತ್ತಿಲ್ಲ ಅಂದರೆ ಮೊದಲು ಅಲ್ಲಿಯ ಎರಡಕ್ಷರದ ಶಬ್ದಗಳನ್ನೇ ನೋಡಿ.